ಕದ್ದೊಯ್ಯಲಾಗದ ಕಲ್ಲುಗಳು: ಸಕ್ಸಾಯ್‌ವಮನ್ ಗೋಡೆಯನ್ನು ಓದುವ ಬಗೆ

ಪೆರು ದೇಶದ ಕುಸ್ಕೋ ನಗರದ ದೊಡ್ಡ ಚೌಕದಲ್ಲಿ ಒಂದು ಕೆಥೆಡ್ರಲ್ ಇದೆ. ಅದರ ಗೋಡೆಯಲ್ಲಿರುವ ಎಷ್ಟೋ ಕಲ್ಲುಗಳಿಗೆ ಅದು ಎರಡನೇ ಮನೆ. ಮೊದಲು ಅವು ಊರಿನ ನೆತ್ತಿಯ ಮೇಲಿರುವ ಗುಡ್ಡದಲ್ಲಿದ್ದವು. 16ನೇ ಶತಮಾನದಲ್ಲಿ ಸ್ಪೇನಿನವರು ಊರನ್ನು ವಶಪಡಿಸಿಕೊಂಡ ಮೇಲೆ, ಗುಡ್ಡದ ಮೇಲಿನ ಕಟ್ಟಡಗಳನ್ನು ಕೆಡವಿ, ಕಲ್ಲುಗಳನ್ನು ಇಳಿಜಾರಿನಲ್ಲಿ ಉರುಳಿಸಿ ತಂದು ಚರ್ಚು ಕಟ್ಟಿದರು, ಮನೆ ಕಟ್ಟಿದರು. ಕಲ್ಲು ರೆಡಿಯಾಗಿಯೇ ಸಿಗುವಾಗ ಕ್ವಾರಿಯ ಖರ್ಚು ಯಾರಿಗೆ ಬೇಕು? ಎತ್ತಲು ಆದದ್ದನ್ನೆಲ್ಲ ತಂದರು, ಆಗದ್ದನ್ನು ಅಲ್ಲೇ ಬಿಟ್ಟರು.

ಹಾಗೆ ಬಿಟ್ಟದ್ದೇ ಇವತ್ತಿನ ಸಕ್ಸಾಯ್‌ವಮನ್. ಪ್ರವಾಸಿಗರು ಕತ್ತೆತ್ತಿ ನೋಡಿ, ಫೋಟೋ ತೆಗೆದು, 'ಮನುಷ್ಯರು ಕಟ್ಟಿದ್ದಂತೂ ಅಲ್ಲ' ಎಂದು ಸ್ಟೇಟಸ್ ಹಾಕುವ ಗೋಡೆಗಳು ಆ ಕೋಟೆಯ ಅಡಿಭಾಗ ಮಾತ್ರ. ಮೇಲಿದ್ದ ಬುರುಜುಗಳು, ಉಗ್ರಾಣಗಳು, ಕೋಣೆಗಳು ಯಾವುವೂ ಈಗಿಲ್ಲ. ಈ ಜಾಗದ ಬಗ್ಗೆ ಹುಟ್ಟಿಕೊಂಡಿರುವ ಗೊಂದಲಗಳಲ್ಲಿ ಅರ್ಧ ಇಲ್ಲಿಂದಲೇ ಶುರುವಾಗುತ್ತವೆ. ಮನೆಯ ಪಾಯ ಮಾತ್ರ ಉಳಿದಿರುವಾಗ ಅದನ್ನೇ ಇಡೀ ಮನೆ ಎಂದುಕೊಂಡರೆ ಏನಾಗುತ್ತದೋ, ಇಲ್ಲಿ ಆಗಿರುವುದೂ ಅದೇ.

ಮೊದಲು ಕಣ್ಣಿಗೆ ಏನು ಕಾಣುತ್ತದೆ ನೋಡೋಣ. ಕುಸ್ಕೋ ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಗುಡ್ಡ ಅದಕ್ಕಿಂತ ಸುಮಾರು 300 ಮೀಟರ್ ಮೇಲೆ. ಊರಿನ ಕಡೆಗೆ ಗುಡ್ಡ ಕಡಿದಾಗಿ ಇಳಿಯುತ್ತದೆ, ಆ ಕಡೆ ದೊಡ್ಡ ಗೋಡೆ ಬೇಕಿರಲಿಲ್ಲ. ಉತ್ತರಕ್ಕೆ ಮಾತ್ರ ಬಯಲು. ಆ ಬಯಲಿಗೆ ಎದುರಾಗಿ, ಒಂದರ ಹಿಂದೆ ಒಂದರಂತೆ, ಮೆಟ್ಟಿಲಿನ ಹಾಗೆ ಮೇಲೇರುವ ಮೂರು ಗೋಡೆಗಳಿವೆ. ಉದ್ದ 400 ಮೀಟರ್ ಆಸುಪಾಸು. ನೇರವಾಗಿ ಹೋಗುವುದಿಲ್ಲ, ಗರಗಸದ ಹಲ್ಲಿನ ಹಾಗೆ ಒಳಗೆ ಹೊರಗೆ ಚುಚ್ಚಿಕೊಂಡು ಸಾಗುತ್ತವೆ. ಹೊರಕ್ಕೆ ಚಾಚಿದ ಪ್ರತಿ ಮೂಲೆಯಲ್ಲೂ ಆ ಸಾಲಿನ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅವುಗಳಲ್ಲಿ ಅತಿ ದೊಡ್ಡದರ ತೂಕದ ಅಂದಾಜುಗಳು 100 ಟನ್ನಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತವೆ. ನಡುವೆ ಗಾರೆ ಇಲ್ಲ, ಸುಣ್ಣವಿಲ್ಲ. ಐದು, ಏಳು, ಒಂಬತ್ತು ಮೂಲೆಗಳ ಕಲ್ಲುಗಳು ಪಕ್ಕದ ಕಲ್ಲಿನ ಅಂಕುಡೊಂಕಿಗೆ ತಕ್ಕ ಹಾಗೆ ಕೂತಿವೆ. ಸಂದಿನಲ್ಲಿ ಬ್ಲೇಡು ತೂರುವುದಿಲ್ಲ ಎಂದು ಗೈಡುಗಳು ಹೇಳುವುದು ಹಲವು ಕಡೆ ನಿಜವೇ.

ಇಂಥ ಕಟ್ಟಡವನ್ನು ಇಂಗ್ಲಿಷಿನಲ್ಲಿ 'ಮೆಗಾಲಿಥಿಕ್' ಎನ್ನುತ್ತಾರೆ, ನಾವು 'ಬೃಹತ್ ಶಿಲಾ' ಎಂದು ಬರೆಯುತ್ತೇವೆ. ಕನ್ನಡ ಓದುಗರು ಎಡವುವುದು ಇಲ್ಲೇ. ನಮ್ಮಲ್ಲಿ ಆ ಮಾತು ಒಂದು ಕಾಲವನ್ನು ಸೂಚಿಸುತ್ತದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಮನೆಗಳು, ಜನ ಮೋರ್ಯರ ಗುಡ್ಡ ಎಂದು ಕರೆಯುವ ಆ ಜಾಗ, ಬೃಹತ್ ಶಿಲಾಯುಗದ್ದು. ಅಂದರೆ ಕಬ್ಬಿಣ ಬಳಕೆಗೆ ಬಂದ ಕಾಲದ್ದು, ಎರಡು ಸಾವಿರ ವರ್ಷಕ್ಕೂ ಹಿಂದಿನದ್ದು. ದಕ್ಷಿಣ ಅಮೆರಿಕದಲ್ಲಿ ಈ ಪದಕ್ಕೂ ಕಾಲಕ್ಕೂ ಸಂಬಂಧವಿಲ್ಲ. ಕಲ್ಲು ದೊಡ್ಡದು ಎಂದಷ್ಟೇ ಅರ್ಥ. ಸಕ್ಸಾಯ್‌ವಮನ್‌ನ ದೊಡ್ಡ ಗೋಡೆಗಳು ಎದ್ದದ್ದು 15ನೇ ಶತಮಾನದಲ್ಲಿ. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ ಹೊತ್ತಿಗೆ, ಪರ್ಷಿಯಾದ ಅಬ್ದುರ್ ರಜಾಕ್ 1443ರಲ್ಲಿ ಹಂಪಿಗೆ ಬಂದು ಒಂದರೊಳಗೊಂದು ಏಳು ಕೋಟೆ ಇವೆ ಎಂದು ಬರೆದಿಟ್ಟ ಕಾಲಕ್ಕೆ, ಭೂಮಿಯ ಆ ಬದಿಯಲ್ಲಿ, ಸ್ಪೇನಿನವರು ಬರುವ ಮುಂಚೆ ಕುಸ್ಕೋದಿಂದ ಆಳುತ್ತಿದ್ದ ಇಂಕಾಗಳ ದೊರೆ ಪಚಾಕುಟಿಯ ಜನ ಈ ಗುಡ್ಡದ ಕೆಲಸಕ್ಕೆ ಕೈಹಾಕಿದ್ದರು ಎಂದರೆ ಲೆಕ್ಕ ಸುಲಭವಾಗುತ್ತದೆ. ಇವರಿಗೆ ಅವರಿದ್ದಾರೆಂದು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಎರಡೂ ಕಡೆ ಗಾರೆಯಿಲ್ಲದೆ ದೊಡ್ಡ ಕಲ್ಲು ಜೋಡಿಸುತ್ತಿದ್ದರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹಂಪಿಯವರ ಕೈಯಲ್ಲಿ ಕಬ್ಬಿಣದ ಉಳಿಯಿತ್ತು, ಬಂಡಿಯಿತ್ತು, ಎತ್ತು ಆನೆಗಳಿದ್ದವು. ಅಲ್ಲಿನ ಬಂಡೆಗಳ ಮೇಲೆ ಸಾಲಾಗಿ ಕೊರೆದ ಬೆಣೆಗುಳಿಗಳನ್ನು ನೀವು ನೋಡಿರುತ್ತೀರಿ. ಇಂಕಾ ಜನರ ಬಳಿ ಕಬ್ಬಿಣವೇ ಇರಲಿಲ್ಲ. ಕಂಚು ಇತ್ತು, ಆದರೆ ಗಟ್ಟಿ ಕಲ್ಲಿನ ಮುಂದೆ ಅದು ಮೆತ್ತಗೆ. ಗಾಡಿಚಕ್ರವಿಲ್ಲ. ಪ್ರಾಣಿ ಎಂದರೆ ಲಾಮಾ; ಅದು ಹೊರುವುದು ಇಪ್ಪತ್ತೈದು ಮೂವತ್ತು ಕಿಲೋ, ಅದಕ್ಕಿಂತ ಹೆಚ್ಚು ಹೇರಿದರೆ ಕುಕ್ಕರಿಸಿ ಕೂರುತ್ತದೆ.

ಹಾಗಾದರೆ ಕಲ್ಲನ್ನು ಕೆತ್ತಿದ್ದು ಯಾವುದರಿಂದ? ಕಲ್ಲಿನಿಂದಲೇ.

ಇದನ್ನು ಮಾಡಿ ತೋರಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಜ್ಯಾನ್-ಪಿಯೆರ್ ಪ್ರೊಟ್ಜೆನ್. 1980ರ ದಶಕದಲ್ಲಿ ಅವರು ಕುಸ್ಕೋ ಸುತ್ತಲಿನ ಇಂಕಾ ಕ್ವಾರಿಗಳನ್ನು ಅಲೆದರು. ಅಲ್ಲಿ ಬಿದ್ದ ಚಕ್ಕೆಗಳ ನಡುವೆ, ಆ ಜಾಗದ್ದಲ್ಲದ ಗುಂಡುಕಲ್ಲುಗಳು ಕಂಡವು. ನದಿಪಾತ್ರದಿಂದ ತಂದ ಗಟ್ಟಿ ಕ್ವಾರ್ಟ್ಜೈಟ್ ಕಲ್ಲುಗಳು, ತುದಿಯಲ್ಲಿ ಬಡಿದು ಸವೆದಂಥವು. ಇವೇ ಸುತ್ತಿಗೆಗಳಿರಬೇಕು ಎಂದುಕೊಂಡು, ನಾಲ್ಕು ಕಿಲೋ ತೂಕದ ಒಂದನ್ನು ಕೈಗೆತ್ತಿಕೊಂಡು ಆಂಡಿಸೈಟ್ ಎಂಬ ಗಟ್ಟಿ ಜ್ವಾಲಾಮುಖಿ ಕಲ್ಲಿನ ತುಂಡೊಂದನ್ನು ಬಡಿಯತೊಡಗಿದರು. ಜೋರಾಗಿ ಬಡಿಯಬೇಕಿಲ್ಲ. ಗುಂಡನ್ನು ಅದರ ಭಾರಕ್ಕೆ ಬೀಳಲು ಬಿಟ್ಟು, ತಾಗುವ ಗಳಿಗೆಯಲ್ಲಿ ಮಣಿಕಟ್ಟನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಚಕ್ಕೆ ಹಾರುತ್ತದೆ. ಗುಂಡು ತಾನೇ ಪುಟಿದು ಮೇಲೆ ಬರುತ್ತದೆ, ಕೈಗೆ ಶ್ರಮವೂ ಕಡಿಮೆ. ಅಂಚಿನ ಹತ್ತಿರ ಬಂದಾಗ ದೊಡ್ಡ ಗುಂಡು ಬಿಟ್ಟು ಚಿಕ್ಕದನ್ನು ಹಿಡಿಯಬೇಕು, ಇಲ್ಲವಾದರೆ ಮೂಲೆ ಮುರಿಯುತ್ತದೆ. ಹೀಗೆ ಮೂರು ಮುಖಗಳನ್ನು, ಐದು ಅಂಚುಗಳನ್ನು ತಿದ್ದಲು ಅವರಿಗೆ ಹಿಡಿದದ್ದು ಹೆಚ್ಚೆಂದರೆ ಒಂದೂವರೆ ಗಂಟೆ. ಆ ಕೆಲಸ ಕಲಿತವರಲ್ಲ, ಮೇಷ್ಟ್ರು.

ಈಗ ಗೋಡೆಯ ಹತ್ತಿರ ಹೋಗಿ ನೋಡಿದರೆ ಅದೇ ಗುರುತು. ಕಲ್ಲಿನ ನಡುಭಾಗದಲ್ಲಿ ದೊಡ್ಡ ಗುಳಿಗಳು, ಅಂಚಿಗೆ ಬರುತ್ತ ಬರುತ್ತ ಸಣ್ಣ, ಒತ್ತೊತ್ತಾದ ಚುಕ್ಕೆಗಳು. ಸಕ್ಸಾಯ್‌ವಮನ್‌ನ ದೊಡ್ಡ ಕಲ್ಲುಗಳು ಆಂಡಿಸೈಟ್ ಅಲ್ಲ, ಹತ್ತಿರದ ಗುಡ್ಡಗಳ ಸುಣ್ಣಕಲ್ಲು. ಅದರ ಮೇಲೆ ಏಟು ಬಿದ್ದ ಕಡೆ ಬಣ್ಣ ಬಿಳಿಚಿದೆ. ನಮ್ಮೂರ ಕಡೆ ಕಲ್ಲು ಕುಟ್ಟುವವರು ಚಪ್ಪಡಿಯ ಮೇಲಿನ ಉಳಿಗುರುತು ನೋಡಿ 'ಇದು ಎಡಗೈಯವನ ಕೆಲಸ' ಎನ್ನುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಅಂಥವರನ್ನು ಒಮ್ಮೆ ಈ ಗೋಡೆಯ ಮುಂದೆ ನಿಲ್ಲಿಸಬೇಕು ಅನ್ನಿಸುತ್ತದೆ. ಗಿಡದ ರಸ ಹಾಕಿ ಕಲ್ಲನ್ನು ಮೆತ್ತಗೆ ಮಾಡಿ ಅಚ್ಚು ಹೊಯ್ದರು ಎನ್ನುವ ಕಥೆ ಕೇಳಿದರೆ ಅವರು ನಗದೆ ಇರುವುದಿಲ್ಲ. ಹೊಯ್ದ ಕಲ್ಲಿನ ಮೇಲೆ ಬಡಿದ ಗುಳಿ ಯಾಕಿರುತ್ತದೆ?

ಇನ್ನು ಸಾಗಿಸಿದ್ದು. 1550ರ ಹೊತ್ತಿಗೆ ಕುಸ್ಕೋಗೆ ಬಂದ ಸ್ಪೇನಿನ ಸೈನಿಕ ಪೆದ್ರೊ ಸಿಯೆಜಾ ದೆ ಲಿಯೋನ್, ಇಂಕಾ ಮನೆತನದ ಹಿರಿಯರನ್ನು ಕೇಳಿ ಲೆಕ್ಕ ಬರೆದಿಟ್ಟಿದ್ದಾನೆ. ಒಟ್ಟು 20,000 ಜನ. ಅದರಲ್ಲಿ 4,000 ಜನ ಕಲ್ಲು ಬಿಡಿಸಿ ಕೆತ್ತಲು, 6,000 ಜನ ತೊಗಲು ಮತ್ತು ನಾರಿನ ದಪ್ಪ ಹಗ್ಗಗಳಲ್ಲಿ ಎಳೆಯಲು, ಉಳಿದವರು ಪಾಯ ತೋಡಲು, ತೊಲೆ ಮರ ಕಡಿಯಲು. ಆ ನಾರು ನಮ್ಮ ಕತ್ತಾಳೆಯ ಹತ್ತಿರದ ಬಳಗದ್ದು. ಅಂದಹಾಗೆ, ನಮ್ಮ ಹೊಲದ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯೂ ಮೂಲದಲ್ಲಿ ಅಮೆರಿಕದಿಂದ ಬಂದದ್ದೇ.

6,000 ಎನ್ನುವುದು ಉತ್ಪ್ರೇಕ್ಷೆಯೇ? ಒಂದು ಒರಟು ಲೆಕ್ಕ ಹಾಕಬಹುದು. 100 ಟನ್ ಕಲ್ಲನ್ನು ಮಟ್ಟಸವಾದ ಗಟ್ಟಿ ದಾರಿಯ ಮೇಲೆ ಎಳೆಯಲು, ಉಜ್ಜಾಟದ ಕಾರಣ, ಸುಮಾರು 60 ಟನ್ ಬಲ ಬೇಕೆಂದುಕೊಳ್ಳಿ. ಒಬ್ಬ ಮನುಷ್ಯ ಹಗ್ಗ ಜಗ್ಗಿ 40 ಕಿಲೋ ಬಲ ಕೊಟ್ಟರೆ 1,500 ಜನ ಸಾಕು. ಏರು ಬಂದರೆ ಹೆಚ್ಚು. ಜನರ ಸಂಖ್ಯೆಗಿಂತ ಕಷ್ಟವಾದದ್ದು ಬೇರೆಯೇ ಇದೆ: ನಾಲ್ಕು ಹಗ್ಗಕ್ಕೆ ಹಂಚಿದರೂ ಒಂದೊಂದರಲ್ಲಿ 375 ಜನ, ಒಬ್ಬರಿಗೊಂದು ಮೀಟರ್ ಜಾಗ ಎಂದರೆ ಕಲ್ಲಿನ ಮುಂದೆ 375 ಮೀಟರ್ ಉದ್ದದ ಸಾಲು. ಅಷ್ಟು ಜನ ಒಂದೇ ಕೂಗಿಗೆ ಒಟ್ಟಿಗೆ ಜಗ್ಗಬೇಕು. ನಮ್ಮ ರಥೋತ್ಸವದಲ್ಲಿ ಮಿಣಿ ಹಿಡಿದವರಿಗೆ ಇದು ಹೇಳಬೇಕಾಗಿಲ್ಲ. ತೇರು ಮುಂದಕ್ಕೆ ಬರುವುದಕ್ಕಿಂತ ಇಳಿಜಾರಿನಲ್ಲಿ ಅದನ್ನು ತಡೆಯುವುದೇ ಕಷ್ಟ.

ತಡೆಯಲಾಗದೆ ಹೋದ ಒಂದು ಕಲ್ಲಿನ ಕಥೆ ಕುಸ್ಕೋದಲ್ಲಿ ಈಗಲೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಬರೆದಿಟ್ಟವನು ಗಾರ್ಸಿಲಾಸೊ ದೆ ಲಾ ವೇಗಾ. ತಾಯಿ ಇಂಕಾ ರಾಜಕುಮಾರಿ, ತಂದೆ ಸ್ಪೇನಿನ ಕ್ಯಾಪ್ಟನ್, ಹುಟ್ಟಿದ್ದು 1539ರಲ್ಲಿ, ಕುಸ್ಕೋದಲ್ಲೇ. ಅವನು ಹೇಳುವಂತೆ 20,000 ಜನ ಒಂದು ಬಂಡೆಯನ್ನು ಎಳೆದು ತರುತ್ತಿದ್ದರು, ಅರ್ಧ ಜನ ಮುಂದೆ ಜಗ್ಗುತ್ತ, ಅರ್ಧ ಜನ ಹಿಂದಿನಿಂದ ತಡೆಯುತ್ತ. ಒಂದು ಕಡಿದಾದ ಜಾಗದಲ್ಲಿ ಹಿಡಿತ ತಪ್ಪಿತು. ಬಂಡೆ ಉರುಳಿ ಮೂರು ನಾಲ್ಕು ಸಾವಿರ ಜನ ಸತ್ತರಂತೆ. ಆಮೇಲೆ ಕಲ್ಲು 'ದಣಿದು' ರಕ್ತದ ಕಣ್ಣೀರು ಸುರಿಸಿತು, ಕೋಟೆ ತಲುಪಲೇ ಇಲ್ಲ. ಅದಕ್ಕೆ ದಣಿದ ಕಲ್ಲು ಎಂದೇ ಹೆಸರು. ಸಂಖ್ಯೆಯನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. ಆದರೆ ಇಂಕಾ ಕ್ವಾರಿಗಳಿಂದ ಕಟ್ಟಡಗಳಿಗೆ ಹೋಗುವ ದಾರಿಯಲ್ಲಿ ಅರ್ಧಕ್ಕೇ ನಿಂತ ಕಲ್ಲುಗಳು ಇವತ್ತಿಗೂ ಬಿದ್ದಿವೆ. ಓಯಂತಾಯ್‌ತಾಂಬೊ ಎಂಬಲ್ಲಿನ ಕಲ್ಲುಗಳ ಒಂದು ಮುಖ ನುಣುಪಾಗಿ, ಗೀರು ಬಿದ್ದಂತೆ ಸವೆದಿರುವುದನ್ನು ಪ್ರೊಟ್ಜೆನ್ ಗುರುತಿಸಿದ್ದಾರೆ. ಎಳೆದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಹಾರಿ ಬಂದ ಕಲ್ಲು ಅಡಿಯಲ್ಲಿ ಸವೆಯುವುದಿಲ್ಲ.

ಈ ಜನ ಎಲ್ಲಿಂದ ಬಂದರು ಎನ್ನುವುದೇ ನನ್ನ ಮಟ್ಟಿಗೆ ಈ ಗೋಡೆಯ ಅಸಲಿ ವಿಷಯ. ಇಂಕಾ ರಾಜ್ಯದಲ್ಲಿ ನಾಣ್ಯವಿರಲಿಲ್ಲ. ತೆರಿಗೆಯನ್ನು ದುಡಿಮೆಯಲ್ಲೇ ಕಟ್ಟಬೇಕು. ಇದಕ್ಕೆ ಕೆಚುವಾ ಭಾಷೆಯಲ್ಲಿ 'ಮಿತಾ' ಎನ್ನುತ್ತಾರೆ, ಅರ್ಥ ಸರದಿ, ಪಾಳಿ. ಒಂದೊಂದು ಸೀಮೆಯಿಂದ ಇಷ್ಟಿಷ್ಟು ಜನ ಬಂದು ಕೆಲಸ ಮಾಡಿ, ತಮ್ಮ ಪಾಳಿ ಮುಗಿದ ಮೇಲೆ ಊರಿಗೆ ಹೋಗುತ್ತಾರೆ. ಬದಲಿಗೆ ಬೇರೆಯವರು ಬರುತ್ತಾರೆ. ಹಳೆಗಾಲದ ನಮ್ಮ ಬಿಟ್ಟಿ ಕೆಲಸವನ್ನು ನೆನಪಿಸುತ್ತದೆ, ಆದರೆ ಒಂದು ಫರಕು: ದುಡಿಯುವಷ್ಟು ದಿನ ಊಟ, ಬಟ್ಟೆ, ಮುಸುಕಿನ ಜೋಳದಿಂದ ಮಾಡಿದ ಚಿಚಾ ಎಂಬ ಮದ್ಯ ಎಲ್ಲವೂ ದೊರೆಯ ಉಗ್ರಾಣದಿಂದ. ಯಾವ ಸೀಮೆಯವರು ಎಷ್ಟು ಜನ, ಉಗ್ರಾಣದಲ್ಲಿ ಎಷ್ಟು ಧಾನ್ಯ ಎಂಬ ಲೆಕ್ಕವನ್ನು ಲಿಪಿಯಿಲ್ಲದ ಆ ರಾಜ್ಯ ಇಟ್ಟದ್ದು 'ಕಿಪು' ಎಂಬ ಗಂಟುಹಾಕಿದ ದಾರಗಳಲ್ಲಿ. ಈ ಗೋಡೆಯ ಕೆಲಸ 50 ವರ್ಷಕ್ಕೂ ಹೆಚ್ಚು ಕಾಲ, ಪಚಾಕುಟಿಯ ಮಗ ಟೋಪಾ ಇಂಕಾ, ಮೊಮ್ಮಗ ವಾಯ್ನಾ ಕಪಾಕ್‌ವರೆಗೂ ನಡೆಯಿತು ಎಂದು ಹಳೆಯ ಬರಹಗಳು ಹೇಳುತ್ತವೆ. 100 ಟನ್ ಕಲ್ಲು ಸರಿಸುವುದಕ್ಕಿಂತ 20,000 ಜನಕ್ಕೆ ದಿನವೂ ಎರಡು ಹೊತ್ತು ಊಟ ಹಾಕುವುದು ದೊಡ್ಡ ಸಾಹಸ. ಮದುವೆ ಮನೆಯಲ್ಲಿ ಉಗ್ರಾಣದ ಜವಾಬ್ದಾರಿ ಹೊತ್ತವರನ್ನು ಕೇಳಿ.

ಇನ್ನೂ ತಕರಾರು ಉಳಿದಿರುವುದು ಜೋಡಣೆಯ ವಿಷಯದಲ್ಲಿ. ಸಣ್ಣ ಕಲ್ಲುಗಳ ರೀತಿ ಗೊತ್ತಿದೆ. ಮೇಲೆ ಬರುವ ಕಲ್ಲಿನ ಅಡಿಯನ್ನು ಮೊದಲು ತಿದ್ದಿ, ಅದಕ್ಕೆ ಸರಿಯಾಗಿ ಕೆಳಗಿನ ಸಾಲಿನ ನೆತ್ತಿಯನ್ನು ಕೊರೆಯುವುದು. ಇಟ್ಟು ನೋಡುವುದು, ತಾಗಿದ ಕಡೆ ಬಡಿಯುವುದು, ಮತ್ತೆ ಇಡುವುದು. ದೋಸೆಕಲ್ಲಿನ ಮೇಲೆ ಹಂಚು ಮುಚ್ಚಿದ ಹಾಗೆ ಇಟ್ಟು ತೆಗೆಯಲು 100 ಟನ್ ಬಂಡೆಗೆ ಆಗುತ್ತದೆಯೇ? ಅಮೆರಿಕದ ವಾಸ್ತುಶಿಲ್ಪಿ ವಿನ್ಸೆಂಟ್ ಲೀ ಬೇರೊಂದು ದಾರಿ ಸೂಚಿಸಿದರು. ಮರದ ದಿಮ್ಮಿಗಳಿಂದ ಮನೆ ಕಟ್ಟುವವರು ಒಂದು ದಿಮ್ಮಿಯ ಉಬ್ಬುತಗ್ಗನ್ನು ಇನ್ನೊಂದಕ್ಕೆ ಅಳತೆಕಡ್ಡಿಯಿಂದ ವರ್ಗಾಯಿಸುತ್ತಾರಲ್ಲ, ಹಾಗೆಯೇ ದೊಡ್ಡ ಕಲ್ಲನ್ನು ಮೇಲೆ ಆಧಾರ ಕೊಟ್ಟು ನಿಲ್ಲಿಸಿ, ತೂಗುಗುಂಡು ಕಟ್ಟಿದ ಕಡ್ಡಿಯಿಂದ ಆಕಾರ ಇಳಿಸಿ, ಕೊರೆದು, ಕೊನೆಗೆ ಒಂದೇ ಸಲ ಕೂರಿಸಿರಬಹುದು ಎಂದು. ಎಲ್ಲರೂ ಒಪ್ಪಿಲ್ಲ. ಕುತೂಹಲದ ಸಂಗತಿ ಏನೆಂದರೆ, ಎದುರಿನಿಂದ ಕೂದಲೆಳೆಯಷ್ಟೂ ಸಂದಿಲ್ಲದ ಇಂಕಾ ಗೋಡೆಗಳಲ್ಲಿ ಎಷ್ಟೋ ಕಡೆ ಆ ಬಿಗಿ ಇರುವುದು ಮುಖದ ಹತ್ತಿರದ ಕೆಲವೇ ಇಂಚು. ಒಳಗೆ ಮಣ್ಣು, ಚೂರುಕಲ್ಲು ತುಂಬಿದ್ದಾರೆ. ಎಲ್ಲಿ ಶ್ರಮ ಹಾಕಬೇಕು, ಎಲ್ಲಿ ಬೇಡ ಎನ್ನುವುದು ಕೆಲಸದವರಿಗೆ ಗೊತ್ತಿತ್ತು.

ಗೋಡೆ ಗಟ್ಟಿಯಾಗಿ ನಿಂತದ್ದಕ್ಕೆ ಕಾರಣ ಭಾರ ಮಾತ್ರವಲ್ಲ. ಎಲ್ಲ ಗೋಡೆಗಳೂ ಗುಡ್ಡದ ಕಡೆಗೆ ಸ್ವಲ್ಪ ಒರಗಿವೆ. ಉದ್ದಕ್ಕೆ ಒಂದೇ ಗೆರೆಯಲ್ಲಿ ಸಂದು ಹೋಗುವುದಿಲ್ಲವಾದ್ದರಿಂದ ಬಿರುಕು ಓಡಲು ದಾರಿಯಿಲ್ಲ. ಭೂಮಿ ಅಲುಗಿದರೆ ಕಲ್ಲುಗಳು ತುಸು ಕುಲುಕಿ ಮತ್ತೆ ತಮ್ಮ ತಮ್ಮ ಗೂಡಿನಲ್ಲಿ ಕೂರುತ್ತವೆ. 1650ರ ಮತ್ತು 1950ರ ಭೂಕಂಪಗಳಲ್ಲಿ ಕುಸ್ಕೋದ ಸ್ಪ್ಯಾನಿಷ್ ಕಟ್ಟಡಗಳಿಗೆ ಭಾರೀ ಹಾನಿಯಾಯಿತು. 1950ರಲ್ಲಂತೂ ಸಾಂತೊ ಡೊಮಿಂಗೊ ಚರ್ಚಿನ ಗೋಡೆಗಳು ಕುಸಿದು, ಅದರಡಿ ಹುದುಗಿದ್ದ ಇಂಕಾ ಸೂರ್ಯದೇಗುಲದ ಗೋಡೆ ಹೊರಗೆ ಬಂತು, ನೆಟ್ಟಗೆ ನಿಂತೇ ಇತ್ತು.

ವಯಸ್ಸಿನ ವಿಷಯಕ್ಕೆ ಮತ್ತೆ ಬರೋಣ, ಯಾಕೆಂದರೆ ವಾಟ್ಸಾಪಿನಲ್ಲಿ ಇದು ಹತ್ತು ಹನ್ನೆರಡು ಸಾವಿರ ವರ್ಷ ಹಳೆಯದಾಗಿಬಿಟ್ಟಿದೆ. ಕೆಳಗಿನ ದೊಡ್ಡ ಕಲ್ಲು ಯಾವುದೋ ಮರೆತುಹೋದ ನಾಗರಿಕತೆಯದ್ದು, ಇಂಕಾಗಳು ಮೇಲೆ ಚಿಕ್ಕ ಕಲ್ಲು ಪೇರಿಸಿದರು ಅಷ್ಟೇ, ಎನ್ನುವುದು ವಾದ. ಕಲ್ಲಿಗೆ ನೇರವಾಗಿ ಕಾರ್ಬನ್ ಪರೀಕ್ಷೆ ಆಗುವುದಿಲ್ಲ ನಿಜ. ಅದು ಒಮ್ಮೆ ಜೀವವಿದ್ದ ವಸ್ತುವಿಗೆ ಮಾತ್ರ. ಪುರಾತತ್ತ್ವದವರು ನೋಡುವುದು ಕಲ್ಲಿನಡಿ, ಸುತ್ತ ಸಿಗುವ ಮಡಕೆ ಚೂರು, ಇದ್ದಿಲು, ಮೂಳೆ. ಸಕ್ಸಾಯ್‌ವಮನ್‌ನಲ್ಲಿ ಇಂಕಾಗಳಿಗಿಂತ ಹಿಂದಿನವರು ಇದ್ದದ್ದು ನಿಜವೇ. 'ಕಿಲ್ಕೆ' ಎಂಬ ಮಾದರಿಯ ಮಡಕೆಗಳು ಅಲ್ಲಿ ಸಿಕ್ಕಿವೆ, ಅವು ಕ್ರಿ.ಶ. 900ರ ನಂತರದವು. ಆದರೆ ಅದಕ್ಕೂ ಈ ದೈತ್ಯ ಗೋಡೆಗಳಿಗೂ ಬೆಸೆಯುವ ಸಾಕ್ಷಿ ಇಲ್ಲ, ಹತ್ತು ಸಾವಿರ ವರ್ಷದ ಮಾತಂತೂ ದೂರ. ತಮ್ಮ ಅಜ್ಜಂದಿರ ಕಾಲದಲ್ಲಿ ಈ ಗೋಡೆ ಎದ್ದಿತೆಂದು ಹೇಳಿದವರ ಮಾತನ್ನು ಸಿಯೆಜಾ ಕಿವಿಯಾರೆ ಕೇಳಿ ಬರೆದಿದ್ದಾನೆ.

ಇಸವಿಗಳು ಸ್ವಲ್ಪ ಅತ್ತಿತ್ತ ಆಗುತ್ತಿರುವುದು ಮಾತ್ರ ಹೌದು. ಪಚಾಕುಟಿ ಪಟ್ಟಕ್ಕೆ ಬಂದದ್ದು 1438 ಎಂದು ಅಮೆರಿಕದ ವಿದ್ವಾಂಸ ಜಾನ್ ರೋ 1940ರ ದಶಕದಲ್ಲಿ ಹಳೆಯ ಬರಹಗಳ ಮೇಲೆ ಲೆಕ್ಕ ಕಟ್ಟಿದ್ದರು, ಶಾಲಾಪುಸ್ತಕಗಳೆಲ್ಲ ಅದನ್ನೇ ಹಿಡಿದವು. ಮಾಚು ಪಿಚು ಎಂಬ ಇಂಕಾ ಊರಿನಲ್ಲಿ ಸಿಕ್ಕ ಮನುಷ್ಯರ ಮೂಳೆ ಹಲ್ಲುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಕಾರ್ಬನ್ ಪರೀಕ್ಷೆ, ಅಲ್ಲಿ ಸುಮಾರು 1420ರಿಂದಲೇ ಜನವಿದ್ದರು ಎಂದು ತೋರಿಸಿತು. ಮಾಚು ಪಿಚು ಕಟ್ಟಿಸಿದವನೂ ಪಚಾಕುಟಿಯೇ ಎನ್ನುವುದಾದರೆ ಅವನ ಆಳ್ವಿಕೆ ಇಪ್ಪತ್ತು ವರ್ಷ ಹಿಂದಕ್ಕೆ ಸರಿಯುತ್ತದೆ. ವಿದ್ವಾಂಸರ ಜಗಳ ನಡೆಯುವುದು ಇಂಥ ಇಪ್ಪತ್ತು ಮೂವತ್ತು ವರ್ಷಗಳಿಗೆ.

ಇಷ್ಟೆಲ್ಲ ಹೇಳುವಾಗ ನಾನೂ 'ಕೋಟೆ' ಎನ್ನುತ್ತಲೇ ಬಂದೆ. ಆ ಹೆಸರು ಇಟ್ಟವರು ಸ್ಪೇನಿನವರು. ಗುಡ್ಡದ ಮೇಲೆ ಎತ್ತರದ ಗೋಡೆ, ಬುರುಜು ಕಂಡವರಿಗೆ ಅವರೂರಿನ ಕೋಟೆಯೇ ಹೊಳೆದದ್ದು ಸಹಜ. 1534ರಲ್ಲಿ, ಸ್ಪೇನಿನ ದಂಡಿನ ನಾಯಕ ಫ್ರಾನ್ಸಿಸ್ಕೊ ಪಿಸಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ ಬರೆದ ವರದಿಯಲ್ಲಿ, ಕಲ್ಲುಗಳು ಬೆಟ್ಟದ ತುಂಡುಗಳಷ್ಟು ದೊಡ್ಡವು, ಒಳಗೆ 5,000 ಸ್ಪೇನಿನವರು ಇರಬಹುದು ಎಂದಿದೆ. ಅದೇ ವರದಿ ಒಳಗಿದ್ದ ಉಗ್ರಾಣಗಳ ಬಗ್ಗೆಯೂ ಹೇಳುತ್ತದೆ: ಗದೆ, ಈಟಿ, ಗುರಾಣಿ, ಹತ್ತಿ ತುಂಬಿದ ಯುದ್ಧದಂಗಿ, ಜೊತೆಗೆ ಬಟ್ಟೆಬರೆ, ಲೋಹ. ಸಿಯೆಜಾ ಇದನ್ನು ಸೂರ್ಯನ ಮನೆ ಎನ್ನುತ್ತಾನೆ. ಎದುರಿನ ಬಯಲಿನಲ್ಲಿ ದೊಡ್ಡ ಉತ್ಸವಗಳು ನಡೆಯುತ್ತಿದ್ದವು ಎಂಬುದು ಹಲವರ ನಂಬಿಕೆ. 1944ರಲ್ಲಿ ಮತ್ತೆ ಶುರುಮಾಡಿದ ಇಂತಿ ರೈಮಿ ಎಂಬ ಸೂರ್ಯನ ಹಬ್ಬ ಈಗಲೂ ಜೂನ್ 24ಕ್ಕೆ ಅಲ್ಲೇ ನಡೆಯುವುದು. ಆ ಗರಗಸದ ಆಕಾರಕ್ಕೂ ಎರಡು ಅರ್ಥ. ಹತ್ತಿ ಬರುವ ಶತ್ರು ಯಾವ ಸಂದಿಗೆ ನುಗ್ಗಿದರೂ ಎರಡು ಪಕ್ಕದಿಂದ ಕವಣೆಕಲ್ಲು ತಿನ್ನಬೇಕು, ಇದು ಸೈನಿಕರ ಅರ್ಥ. ಕುಸ್ಕೋ ಊರನ್ನು ಪ್ಯೂಮಾ ಎಂಬ ಕಾಡುಬೆಕ್ಕಿನ ಆಕಾರದಲ್ಲಿ ಕಟ್ಟಿದ್ದರು, ಗುಡ್ಡ ಅದರ ತಲೆ, ಗೋಡೆ ಅದರ ಹಲ್ಲು, ಇದು ಇನ್ನೊಂದು. ಸಿಡಿಲಿನ ಗೆರೆ ಎನ್ನುವವರೂ ಇದ್ದಾರೆ. ನನಗೆ ಇವುಗಳಲ್ಲಿ ಒಂದನ್ನೇ ಆರಿಸಬೇಕು ಅನ್ನಿಸುವುದಿಲ್ಲ. ನಮ್ಮ ಕೋಟೆಗಳ ಹೆಬ್ಬಾಗಿಲಲ್ಲಿ ಹನುಮಂತನ ಗುಡಿ ಇರುತ್ತದೆ, ಒಳಗೆ ಕಣಜ ಇರುತ್ತದೆ, ಮದ್ದಿನ ಮನೆಯೂ ಇರುತ್ತದೆ. ಕೋಟೆಯೋ ಗುಡಿಯೋ ಎಂದು ಯಾರೂ ಕೇಳುವುದಿಲ್ಲ.

ನಿಜವಾದ ಯುದ್ಧ ಇಲ್ಲಿ ನಡೆದದ್ದು ಒಮ್ಮೆ, ಅದೂ ಅದನ್ನು ಕಟ್ಟಿದವರೇ ಹೊರಗಿನವರಿಂದ ಊರನ್ನು ಕಿತ್ತುಕೊಳ್ಳಲು ಹೊರಟಾಗ. 1536ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ದಂಗೆ ಎದ್ದು ಕುಸ್ಕೋವನ್ನು ಮುತ್ತಿದ. ಊರೊಳಗೆ ಸಿಕ್ಕಿಬಿದ್ದ ಸ್ಪೇನಿನವರು ಇನ್ನೂರಕ್ಕೂ ಕಡಿಮೆ, ಆದರೆ ಜೊತೆಗೆ ಇಂಕಾಗಳ ಮೇಲೆ ಹಗೆಯಿದ್ದ ಸ್ಥಳೀಯ ಜನರ ದೊಡ್ಡ ದಂಡು ಇತ್ತು. ಗುಡ್ಡ ಮಾಂಕೊನ ಕೈಯಲ್ಲಿತ್ತು. ಅದನ್ನು ಹಿಡಿಯಲು ಹೋದ, ಫ್ರಾನ್ಸಿಸ್ಕೊನ ತಮ್ಮ ಹುವಾನ್ ಪಿಸಾರೊಗೆ ಮೊದಲೇ ದವಡೆಗೆ ಪೆಟ್ಟಾಗಿ ಶಿರಸ್ತ್ರಾಣ ಹಾಕಲಾಗದ ಸ್ಥಿತಿ. ತಲೆಗೆ ಕಲ್ಲು ಬಿದ್ದು ಕೆಲದಿನಗಳಲ್ಲಿ ಸತ್ತ. ಕೊನೆಗೆ ಏಣಿ ಹಾಕಿ ಹತ್ತಿದರು. ಬುರುಜಿನ ತುದಿಯಲ್ಲಿ ಕೊನೆವರೆಗೂ ಕಾದಿದ ಇಂಕಾ ಸರದಾರನೊಬ್ಬ ಸೆರೆಸಿಗುವ ಬದಲು ಕೆಳಗೆ ಹಾರಿದನೆಂದು ಸ್ಪೇನಿನವರೇ ಬರೆದಿದ್ದಾರೆ. ಸತ್ತವರ ಮೇಲೆ ರಣಹದ್ದಿನ ಜಾತಿಯ ಕಾಂಡೋರ್‌ಗಳು ಎರಗಿದವು. 1540ರಲ್ಲಿ ಸ್ಪೇನಿನ ದೊರೆ ಕುಸ್ಕೋಗೆ ಕೊಟ್ಟ ಲಾಂಛನದಲ್ಲಿ ಒಂದು ಕೋಟೆ, ಅದರ ಸುತ್ತ ಎಂಟು ಕಾಂಡೋರ್‌ಗಳಿವೆ. ಊರಿನ ಗೌರವದ ಗುರುತಿಗೆ ಹೆಣ ತಿಂದ ಹಕ್ಕಿಗಳನ್ನು ಕೊಟ್ಟವರನ್ನು ಏನನ್ನಬೇಕೋ.

ದಂಗೆ ಅಡಗಿದ ಮೇಲೆ ಬುರುಜುಗಳಿಗೆ ಗ್ರಹಚಾರ ಹಿಡಿಯಿತು. ಮತ್ತೆ ಯಾರೂ ಅಲ್ಲಿ ಸೇರಬಾರದು, ಜೊತೆಗೆ ಕಲ್ಲು ಪುಕ್ಕಟೆ. ಚಿಕ್ಕ ಹುಡುಗನಾಗಿದ್ದ ಗಾರ್ಸಿಲಾಸೊ ಇದನ್ನೆಲ್ಲ ಕಣ್ಣಾರೆ ಕಂಡ. ನೆಲದಡಿಯ ಸುರಂಗಗಳು ಎಷ್ಟು ಗೋಜಲೆಂದರೆ ಬಾಗಿಲಿಗೆ ದಾರ ಕಟ್ಟಿಕೊಳ್ಳದೆ ಒಳಗೆ ಹೋಗುವ ಧೈರ್ಯ ಯಾರೂ ಮಾಡುತ್ತಿರಲಿಲ್ಲ ಎನ್ನುತ್ತಾನೆ. ಮೂರು ಬಾಗಿಲುಗಳ ಹೆಸರು ಹೇಳುತ್ತಾನೆ, ಒಂದಕ್ಕೆ ಕಟ್ಟಿದ ಮೇಸ್ತ್ರಿಯ ಹೆಸರೇ ಇತ್ತಂತೆ: ಅಕವಾನ ಬಾಗಿಲು. ಮೂರು ಬುರುಜುಗಳಲ್ಲಿ ನಡುವಿನದು ದುಂಡಗೆ, ಹೆಸರು ಮುಯುಕ್‌ಮಾರ್ಕಾ; ಅದರೊಳಗೆ ದೂರದಿಂದ ನೆಲದಡಿಯಲ್ಲೇ ಹರಿದುಬರುವ ಸಿಹಿನೀರಿನ ಚಿಲುಮೆ, ನೀರು ಎಲ್ಲಿಂದ ಬರುತ್ತದೆಂದು ಯಾರಿಗೂ ಗೊತ್ತಿಲ್ಲ ಎಂದೂ ಬರೆದ. 1560ರಲ್ಲಿ ಸ್ಪೇನಿಗೆ ಹೋದವನು ಹಿಂದಿರುಗಲಿಲ್ಲ. ಪುಸ್ತಕ ಅಚ್ಚಾದದ್ದು 1609ರಲ್ಲಿ, ಬಾಲ್ಯದ ನೆನಪಿನಿಂದ ಬರೆದದ್ದು. ಅಷ್ಟು ಹೊತ್ತಿಗೆ ಬುರುಜು ಹೋಗಿ, ಜಾಗದ ಮೇಲೆ ಮಣ್ಣು ಮುಚ್ಚಿತ್ತು. ಮುದುಕನಾದವನ ಅಕ್ಕರೆಯ ಉತ್ಪ್ರೇಕ್ಷೆ ಎಂದುಕೊಳ್ಳಲು ಬೇಕಾದಷ್ಟು ಅವಕಾಶವಿತ್ತು.

1934ರಲ್ಲಿ, ಸ್ಪೇನಿನವರು ಕುಸ್ಕೋ ಸ್ಥಾಪಿಸಿದ ನಾನೂರನೇ ವರ್ಷದ ನೆಪದಲ್ಲಿ, ಲೂಯಿಸ್ ವಾಲ್ಕಾರ್ಸೆಲ್ ನೇತೃತ್ವದಲ್ಲಿ ಗುಡ್ಡದ ನೆತ್ತಿಯ ಮಣ್ಣು ತೆಗೆದರು. ಎರಡು ಕಡೆ ಚೌಕದ ಪಾಯ ಬಂತು. ನಡುವೆ ಒಂದರೊಳಗೊಂದು ಮೂರು ದುಂಡನೆಯ ಪಾಯದ ಸಾಲುಗಳು, ಅವುಗಳ ನಡುವೆ ಕಲ್ಲಿನಲ್ಲಿ ಕೊರೆದ ನೀರಿನ ಕಾಲುವೆ.